ಯಾರೂ ತೆಗೆಯದ ಫೋಟೋ

ತೊಂಬತ್ತರ ದಶಕದಲ್ಲಿ ಕರ್ನಾಟಕದ ಯಾವ ಊರಿಗೆ ಹೋದರೂ ಬಸ್ಸಿಳಿದ ಕೂಡಲೇ ಕಣ್ಣಿಗೆ ಬೀಳುತ್ತಿದ್ದದ್ದು ಎಸ್‌ಟಿಡಿ, ಐಎಸ್‌ಡಿ, ಪಿಸಿಒ ಎಂದು ದಪ್ಪಕ್ಷರದಲ್ಲಿ ಬರೆದ ಹಳದಿ ಬೋರ್ಡು. ರಾತ್ರಿ ದರ ಇಳಿಯುವವರೆಗೆ ಕಾದು, ಗಾಜಿನ ಗೂಡಿನೊಳಗೆ ನಿಂತು, ಮೀಟರಿನಲ್ಲಿ ಓಡುವ ಕೆಂಪು ಅಂಕಿಗಳ ಮೇಲೆ ಒಂದು ಕಣ್ಣಿಟ್ಟು ಮುಂಬಯಿಯ ಮಗನೊಡನೆಯೋ ದುಬೈನ ಅಳಿಯನೊಡನೆಯೋ ಮಾತಾಡಿದವರಿಗೆ ಲೆಕ್ಕವಿಲ್ಲ. ಈಗ ಮನೆಯ ಹಳೆಯ ಆಲ್ಬಮ್ ತೆಗೆದು ನೋಡಿ. ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋ, ಬೇಲೂರು-ಹಳೇಬೀಡಿನ ಪ್ರವಾಸ, ಜೋಗದ ಮುಂದೆ ಸಾಲಾಗಿ ನಿಂತ ಸಂಸಾರ, ಎಲ್ಲವೂ ಇರುತ್ತದೆ. ದಿನಾ ಹಾದುಹೋಗುತ್ತಿದ್ದ ಆ ಬೂತ್ ಮಾತ್ರ ಇರುವುದಿಲ್ಲ. ಬಾಡಿಗೆ ಸೈಕಲ್ಲಿನ ಅಂಗಡಿ, ವಿಡಿಯೋ ಕ್ಯಾಸೆಟ್ ಲೈಬ್ರರಿ, ಸೀಮೆಎಣ್ಣೆ ಗಾಡಿಯ ಮುಂದಿನ ಸಾಲು, ಬೋರ್ಡು ಬರೆಯುವ ಕಲಾವಿದನ ಬಣ್ಣದ ಡಬ್ಬಗಳು ಕೂಡ ಇರುವುದಿಲ್ಲ.

ಇದಕ್ಕೆ ಯಾರನ್ನೂ ದೂರಬೇಕಿಲ್ಲ, ಲೆಕ್ಕವೇ ಹಾಗಿತ್ತು. ನಮ್ಮ ದೇಶದಲ್ಲೇ ತಯಾರಾಗಿ ಅನೇಕ ಮಧ್ಯಮ ವರ್ಗದ ಮನೆಗಳಿಗೆ ಮೊದಲ ಕ್ಯಾಮೆರಾ ಆಗಿ ಬಂದ ಅಗ್ಫಾ ಕ್ಲಿಕ್ 3ಕ್ಕೆ ಒಂದು ರೋಲ್ ಹಾಕಿದರೆ ಸಿಗುತ್ತಿದ್ದದ್ದು 12 ಚಿತ್ರ. ಆಮೇಲೆ ಬಂದ 35 ಎಂಎಂ ರೋಲಿನಲ್ಲಿ 36. ಜಾಣತನದಿಂದ ಸುತ್ತಿದರೆ ತುದಿಯಲ್ಲಿ ಇನ್ನೊಂದೋ ಎರಡೋ. ರೋಲಿಗೆ ದುಡ್ಡು, ತೊಳೆಸಲು ದುಡ್ಡು, ಪ್ರಿಂಟಿಗೆ ಮತ್ತೆ ದುಡ್ಡು. ಮಗುವಿನ ಹುಟ್ಟುಹಬ್ಬ ಎದುರಿಗಿರುವಾಗ 12ರಲ್ಲಿ ಒಂದನ್ನು ಟೆಲಿಫೋನ್ ಬೂತಿಗೆ ಖರ್ಚು ಮಾಡುವವನನ್ನು ಮನೆಯವರು ಸುಮ್ಮನೆ ಬಿಡುತ್ತಿರಲಿಲ್ಲ.

ದುಡಿಮೆಗಾಗಿ ಕ್ಯಾಮೆರಾ ಹಿಡಿದವರಿಗೂ ಬೂತ್ ಬೇಕಿರಲಿಲ್ಲ. ಪತ್ರಿಕಾ ಛಾಯಾಗ್ರಾಹಕ ಸುದ್ದಿ ಇದ್ದಲ್ಲಿಗೆ ಹೋಗುತ್ತಾನೆ, ಸ್ಟುಡಿಯೋದವನು ಕರೆದಲ್ಲಿಗೆ ಹೋಗುತ್ತಾನೆ, ಪ್ರವಾಸೋದ್ಯಮದ ಕ್ಯಾಲೆಂಡರಿನವರು ಹಂಪಿಗೆ ಹೋಗುತ್ತಾರೆ. ಉಳಿದ ಊರೆಲ್ಲ ಯಾರ ಪಾಲು? ಯಾರೂ ದುಡ್ಡು ಕೊಟ್ಟು ತೆಗೆಸದ ಸಂಗತಿಗಳನ್ನು ತೆಗೆಯಲು ಉಳಿಯುವವನು ಹವ್ಯಾಸಿ ಒಬ್ಬನೇ. ಅವನಿಗೆ ಸಂಪಾದಕನ ಭಯವಿಲ್ಲ, ಗಿರಾಕಿಯ ಕಾಟವಿಲ್ಲ, ಇಂದು ಸರಿಬಾರದಿದ್ದರೆ ನಾಳೆ ಅದೇ ಮೂಲೆಗೆ ಹೋಗಿ ನಿಲ್ಲಬಹುದು. ಈ ಸ್ವಾತಂತ್ರ್ಯವನ್ನು ನಮ್ಮ ಹವ್ಯಾಸಿಗಳು ಸಾಕಷ್ಟು ಬಳಸಿಕೊಂಡಿಲ್ಲ ಎಂಬುದೇ ನನ್ನ ತಕರಾರು.

ಈಗ ರೋಲಿನ ಲೆಕ್ಕವಿಲ್ಲ. ಕಿಸೆಯಲ್ಲಿರುವ ಫೋನಿನಲ್ಲಿ ಸಾವಿರಾರು ಚಿತ್ರಗಳು ಕೂತಿವೆ, ಒಂದಕ್ಕೂ ಪೈಸೆ ಖರ್ಚಾಗಿಲ್ಲ. ಹಾಗಾದರೆ ನಮ್ಮ ಬೀದಿಗಳೆಲ್ಲ ಈಗ ದಾಖಲಾಗಿರಬೇಕಲ್ಲ? ಬೆರಳಾಡಿಸಿ ನೋಡಿದರೆ ಸಿಗುವುದು ಸೆಲ್ಫಿ, ಊಟದ ತಟ್ಟೆ, ಗ್ಯಾಸ್ ಬುಕ್ಕಿನ ಮೊದಲ ಪುಟ, ನಂದಿಬೆಟ್ಟದ ಸೂರ್ಯೋದಯ. ಕಡಲೆಕಾಯಿ ಪರಿಷೆಯಲ್ಲಿ ಕಡಲೆಕಾಯಿ ಮಾರುವವರಿಗಿಂತ ಫೋಟೋ ತೆಗೆಯುವವರೇ ಹೆಚ್ಚಾಗಿಬಿಟ್ಟರೇನೋ ಎನ್ನಿಸುವಷ್ಟು ಜನ. ಬೆಂಗಳೂರು ಕರಗಕ್ಕೆ, ಕೆ.ಆರ್. ಮಾರ್ಕೆಟ್ಟಿನ ಬೆಳಗಿನ ಹೂವಿನ ರಾಶಿಗೆ, ಮೈಸೂರಿನ ದೇವರಾಜ ಮಾರುಕಟ್ಟೆಯ ಕುಂಕುಮದ ಗೋಪುರಗಳಿಗೆ ಕ್ಯಾಮೆರಾಗಳ ಕೊರತೆ ಇಲ್ಲ. ಮಾರ್ಕೆಟ್ಟಿನಿಂದ ಮನೆಗೆ ಬರುವ ದಾರಿಯಲ್ಲಿ ಇಸ್ತ್ರಿ ಗಾಡಿಯವನ ಕೆಂಡದ ಪೆಟ್ಟಿಗೆಯನ್ನು ಯಾರೂ ತೆಗೆದಿರುವುದಿಲ್ಲ. ಅದು ಈ ದಶಕದ ಎಸ್‌ಟಿಡಿ ಬೂತ್.

ಸಾಮಾನ್ಯವಾದದ್ದರಲ್ಲಿ ಚಿತ್ರ ಕಂಡವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ವೃತ್ತಿಯಿಂದ ಪತ್ರಿಕಾ ಛಾಯಾಗ್ರಾಹಕರು. ಪ್ರಧಾನಿಗಳನ್ನೂ ದೊಡ್ಡ ಘಟನೆಗಳನ್ನೂ ಹಿಡಿದವರು. ಆದರೆ ಇಂದು ಅವರ ಹೆಸರು ಹೇಳಿದರೆ ನೆನಪಾಗುವುದು ಆ ಚಿತ್ರಗಳಲ್ಲ. ಮಕ್ಕಳು, ಮುದುಕರು, ಬೀದಿಯಲ್ಲಿ ತಮ್ಮ ಪಾಡಿಗೆ ತಾವಿದ್ದವರು, ಅದೂ ಹೆಚ್ಚಾಗಿ ಕಪ್ಪು-ಬಿಳುಪಿನಲ್ಲಿ. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ನಡೆದ ಅವರ ‘ಲಿಟಲ್ ಪೀಪಲ್’ ಪ್ರದರ್ಶನದಲ್ಲಿದ್ದವರೂ ಹೆಸರು ಗೊತ್ತಿಲ್ಲದ ಮಕ್ಕಳೇ. ಸತ್ಯನ್ ಚಿತ್ರಗಳಲ್ಲಿ ಬಡತನ ಇದೆ, ಆದರೆ ಬಡತನದ ಪ್ರದರ್ಶನವಿಲ್ಲ. ಎದುರಿಗಿದ್ದವರಿಗೆ ಕ್ಯಾಮೆರಾದಿಂದ ಮುಜುಗರವಾಗದಷ್ಟು ಹೊತ್ತು ಅಲ್ಲಿ ಕೂತು ಮಾತಾಡಿದ ಮನುಷ್ಯ ಎಂಬುದು ಚಿತ್ರದಲ್ಲೇ ಕಾಣುತ್ತದೆ.

ಹವ್ಯಾಸಿಗಳ ಕೂಟಗಳಿಗೂ ನಮ್ಮಲ್ಲಿ ದೀರ್ಘ ಇತಿಹಾಸವಿದೆ. 1953ರಲ್ಲಿ ಫೆಡರೇಶನ್ ಆಫ್ ಇಂಡಿಯನ್ ಫೋಟೋಗ್ರಫಿ ಹುಟ್ಟಲು ಕಾರಣರಾದವರು ಬೆಂಗಳೂರಿನ ಡಾ. ಜಿ. ಥಾಮಸ್. 1971ರಲ್ಲಿ ಅದೇ ಊರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು; ಬೇರೆ ಬೇರೆ ಉದ್ಯೋಗಗಳಲ್ಲಿದ್ದ ಜನ ಅಲ್ಲಿ ಕೂತು ಒಬ್ಬರ ಚಿತ್ರವನ್ನೊಬ್ಬರು ತಿದ್ದಿದರು. ಸಿ. ರಾಜಗೋಪಾಲ್, ಇ. ಹನುಮಂತ ರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರ ಹೆಸರು ಈ ವಲಯದಲ್ಲಿ ಇವತ್ತಿಗೂ ಗುರುಗಳ ಹೆಸರಿನಂತೆಯೇ ಬರುತ್ತದೆ. ಸಂಡೂರಿನ ಎಂ.ವೈ. ಘೋರ್ಪಡೆ ಎಪ್ಪತ್ತರ ದಶಕದಲ್ಲಿ ರಾಜ್ಯದ ಹಣಕಾಸು ಮಂತ್ರಿ. ಬಜೆಟ್ಟಿನ ನಡುವೆಯೇ ಕಾಡಿನ ಆನೆಗಳನ್ನು ಕಪ್ಪು-ಬಿಳುಪಿನಲ್ಲಿ ಹಿಡಿದರು, 1983ರಲ್ಲಿ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಎಂಬ ಪುಸ್ತಕವನ್ನೂ ತಂದರು. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ತೋಟದ ಸುತ್ತಲಿನ ಹಕ್ಕಿಗಳ ಹಿಂದೆ ಬಿದ್ದರು. ಕನ್ನಡದ ಓದುಗರಲ್ಲಿ ಎಷ್ಟೋ ಜನರಿಗೆ ಹಕ್ಕಿ ನೋಡುವ ಹುಚ್ಚು ಹತ್ತಿಸಿದವರೇ ಅವರು.

ಕ್ಲಬ್ಬುಗಳು ಕಸುಬು ಕಲಿಸಿದವು, ಅದರಲ್ಲಿ ಅನುಮಾನವಿಲ್ಲ. ಆದರೆ ಅವುಗಳ ಜೊತೆಗೆ ಬಂದ ಸಲೋನ್ ಎಂಬ ಸ್ಪರ್ಧೆಯ ಪದ್ಧತಿ ಒಂದು ಅಚ್ಚನ್ನೂ ತಂದಿತು. ಸಲೋನಿನ ತೀರ್ಪುಗಾರರ ಮುಂದೆ ಚಿತ್ರ ಪರದೆಯ ಮೇಲೆ ಇರುವುದು ಕೆಲವೇ ಕ್ಷಣ. ಆ ಕ್ಷಣದಲ್ಲಿ ಕಣ್ಣು ಸೆಳೆಯಬೇಕು. ಹಾಗಾಗಿ ಎಲ್ಲರೂ ಅದನ್ನೇ ತೆಗೆಯತೊಡಗಿದರು: ಧೂಳೆಬ್ಬಿಸುತ್ತ ಬರುವ ಕುರಿಮಂದೆ, ಆಲದ ಮರದ ಸಂದಿನಿಂದ ಇಳಿವ ಬಿಸಿಲಕೋಲು, ಕಂಬಳಿ ಹೊದ್ದ ಕುರುಬ, ಕಂಬಳದ ಗದ್ದೆಯಲ್ಲಿ ಗೋಡೆಯಂತೆ ಏಳುವ ಕೆಸರು ನೀರು, ಕಿಟಕಿಯ ಬೆಳಕಿನಲ್ಲಿ ಪುಸ್ತಕ ಹಿಡಿದ ಕೆಂಪು ನಿಲುವಂಗಿಯ ಬಾಲಭಿಕ್ಕು. ಧೂಳು ಸಾಲದೆಂದು ಕುರಿಮಂದೆಯನ್ನು ದುಡ್ಡು ಕೊಟ್ಟು ಹಿಂದಕ್ಕೂ ಮುಂದಕ್ಕೂ ಓಡಿಸುವುದುಂಟು. ಚಿತ್ರ ಚೆನ್ನಾಗಿಯೇ ಬರುತ್ತದೆ, ಪ್ರಶಸ್ತಿಯೂ ಬರುತ್ತದೆ. ಇಪ್ಪತ್ತು ವರ್ಷ ಬಿಟ್ಟು ನೋಡಿದವರಿಗೆ ಕುರುಬರ ಬದುಕಿನ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ.

ನಿಸರ್ಗದ ವಿಭಾಗದಲ್ಲಿ ಕಥೆ ಇನ್ನೂ ವಿಚಿತ್ರ. ಛಾಯಾಗ್ರಹಣದ ಮೂರು ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗಳು 2014ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯ ಪ್ರಕಾರ ನಿಸರ್ಗದ ಚಿತ್ರಕ್ಕೆ ಏನನ್ನೂ ಸೇರಿಸಬಾರದು, ಏನನ್ನೂ ಅಳಿಸಬಾರದು. ಮನುಷ್ಯ ಮಾಡಿದ ವಸ್ತುಗಳು ಅದರಲ್ಲಿ ಕಾಣಬಾರದು. ಜೀವಿಯೇ ಮನುಷ್ಯನ ನಡುವೆ ಬಾಳಲು ಕಲಿತಿದ್ದರೆ ವಿನಾಯಿತಿ ಇದೆ. ಸೇರಿಸಬಾರದು, ಅಳಿಸಬಾರದು ಎಂಬ ಭಾಗ ಪ್ರಾಮಾಣಿಕತೆಗೆ ಬೇಕಾದದ್ದೇ. ಆದರೆ ವಿನಾಯಿತಿಯನ್ನು ನಂಬಿ ಸ್ಪರ್ಧೆಗೆ ಇಳಿಯುವವರು ಕಡಿಮೆ. ತಂತಿ ಕಂಡರೆ ಪಕ್ಕಕ್ಕೆ ಸರಿದು ತಂತಿ ಕಾಣದ ಕೋನ ಹುಡುಕುತ್ತಾರೆ.

ಇದರ ಫಲ ನೋಡಬೇಕಾದರೆ ಕೊಕ್ಕರೆ ಬೆಳ್ಳೂರಿನ ಚಿತ್ರಗಳನ್ನು ನೋಡಬೇಕು. ಮದ್ದೂರು ತಾಲ್ಲೂಕಿನ ಈ ಹಳ್ಳಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಗೂಡು ಕಟ್ಟುತ್ತವೆ. ಕಾಡಿನಲ್ಲಲ್ಲ, ಮನೆಗಳ ನಡುವಿನ ಹುಣಸೆ ಮರಗಳಲ್ಲಿ, ಹಿತ್ತಲಿನ ಮೇಲೆ, ದನದ ಕೊಟ್ಟಿಗೆಯ ಮೇಲೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಇದನ್ನು ಹೊರಜಗತ್ತಿಗೆ ತಿಳಿಸಿದರು. (ಎಂಬತ್ತರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದ ನೇಗಿನಹಾಳರೂ ಇವರೇ.) ಹಕ್ಕಿಗಳು ಊರಿಗೆ ಶುಭ ಎಂಬ ನಂಬಿಕೆ ಅಲ್ಲಿಯದು; ಮರದಡಿ ಬಿದ್ದ ಹಿಕ್ಕೆ ಗದ್ದೆಗೆ ಗೊಬ್ಬರ. ಈ ಊರಿನ ವಿಶೇಷವೇ ಹೆಂಚಿನ ಮಾಡೂ ಹೆಜ್ಜಾರ್ಲೆಯ ರೆಕ್ಕೆಯೂ ಒಂದೇ ಚೌಕಟ್ಟಿನಲ್ಲಿರುವುದು. ಕೆಳಗೆ ಪಾತ್ರೆ ತೊಳೆಯುವ ಹೆಂಗಸು, ಮೇಲೆ ಮರಿಗೆ ಗುಟುಕು ಕೊಡುವ ಹಕ್ಕಿ, ಒಬ್ಬರ ಗೋಜು ಇನ್ನೊಬ್ಬರಿಗಿಲ್ಲ. ಆದರೆ ಉದ್ದ ಲೆನ್ಸಿನವರು ತರುವ ಚಿತ್ರಗಳಲ್ಲಿ ಹಕ್ಕಿಯ ಹಿಂದೆ ಬರೀ ನೀಲಿ ಆಕಾಶ. ಆ ಚಿತ್ರ ರಂಗನತಿಟ್ಟಿನದೂ ಆಗಬಹುದಿತ್ತು, ಇನ್ನೆಲ್ಲಿಯದೂ ಆಗಬಹುದಿತ್ತು. ಕೊಕ್ಕರೆ ಬೆಳ್ಳೂರಿಗೆ ಹೋಗಿ ಬೆಳ್ಳೂರನ್ನು ಬಿಟ್ಟು ಬರುವುದೆಂದರೆ ಇದೇ. ಬೀದಿಯ ಚಿತ್ರ ಒಂದು ಜಾತಿ, ನಿಸರ್ಗದ ಚಿತ್ರ ಇನ್ನೊಂದು ಜಾತಿ ಎಂದು ಎರಡು ಪಂಕ್ತಿ ಹಾಕಿದ್ದರಿಂದ ಎರಡೂ ಸೇರುವ ಜಾಗವೇ ಖಾಲಿ ಉಳಿಯಿತು. ನಮ್ಮ ದೇಶದ ಬಹುಪಾಲು ನಿಸರ್ಗ ಇರುವುದು ಆ ಜಾಗದಲ್ಲಿ. ಕಾಗೆ ತಂತಿಯ ಚೂರುಗಳಿಂದ ಗೂಡು ಕಟ್ಟುತ್ತದೆ. ಗರುಡ ಮೊಬೈಲ್ ಟವರಿನ ಮೇಲೆ ಕೂರುತ್ತದೆ. ಕುಟ್ರು ಹಕ್ಕಿ ಬೀದಿದೀಪದ ಪಕ್ಕದ ಒಣಕೊಂಬೆಯಲ್ಲಿ ಪೊಟರೆ ಕೊರೆಯುತ್ತದೆ.

ಇನ್ನು ಬೆಳಕಿನ ಮಾತು. ಫೋಟೋಗ್ರಫಿ ಕಲಿಸುವ ಪುಸ್ತಕ, ವಿಡಿಯೋಗಳೆಲ್ಲ ‘ಗೋಲ್ಡನ್ ಅವರ್’ ಎಂದು ಜಪಿಸುತ್ತವೆ. ಸೂರ್ಯ ದಿಗಂತದ ಹತ್ತಿರ ಇರುವಾಗಿನ ಹೊಂಬಣ್ಣದ ಬೆಳಕು ಒಂದು ಗಂಟೆ ಸಿಗುತ್ತದೆಂದು ಆ ಹೆಸರು. ಅವುಗಳಲ್ಲಿ ಹೆಚ್ಚಿನವನ್ನು ಬರೆದವರು ಯೂರೋಪು, ಅಮೆರಿಕದವರು. ಅಲ್ಲಿ ಸೂರ್ಯ ಓರೆಯಾಗಿ ಜಾರುತ್ತ ಮುಳುಗುತ್ತಾನೆ. ನಮ್ಮ ರಾಜ್ಯ ಇರುವುದು ಸುಮಾರು 11ರಿಂದ 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ದಿಗಂತದಿಂದ ಆರು ಡಿಗ್ರಿ ಎತ್ತರದಲ್ಲಿರುವ ಸೂರ್ಯ ಬೆಂಗಳೂರಿನಲ್ಲಿ ಮುಳುಗಲು ಬೇಕಾಗುವುದು 25 ನಿಮಿಷದ ಆಸುಪಾಸು. ಅದರಲ್ಲಿ ಎದುರಿನ ಅಪಾರ್ಟ್‌ಮೆಂಟಿನ ನೆರಳು ಎಷ್ಟು ನುಂಗುತ್ತದೋ ಅದನ್ನು ಕಳೆಯಿರಿ. ಇಲ್ಲಿನ ಹವ್ಯಾಸಿ ಬೆಳಕು ಬಂದ ಮೇಲೆ ಜಾಗ ಹುಡುಕುವಂತಿಲ್ಲ, ಜಾಗ ಮೊದಲೇ ಗೊತ್ತಿರಬೇಕು. ಹತ್ತಿರದ ಬೀದಿಯನ್ನೇ ಹಿಡಿಯಿರಿ ಎನ್ನುವುದಕ್ಕೆ ಇದೂ ಒಂದು ಕಾರಣ. ಯಾವ ತಿಂಗಳು ಯಾವ ಓಣಿಗೆ ಬಿಸಿಲು ಬೀಳುತ್ತದೆ ಎಂಬುದು ದಿನಾ ಓಡಾಡುವವನಿಗೆ ಮಾತ್ರ ಗೊತ್ತು.

ನಡು ಮಧ್ಯಾಹ್ನದ ಬಿಸಿಲು ನಮ್ಮಲ್ಲಿ ನಿಜಕ್ಕೂ ಕ್ರೂರ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ, ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಆಗ ಮುಖದ ಚಿತ್ರ ತೆಗೆದರೆ ಕಣ್ಣಿನ ಗುಳಿ ಕಪ್ಪು, ಮೂಗಿನ ತುದಿ ಬಿಳಿ. ಆದರೆ ಮಧ್ಯಾಹ್ನವೆಂದು ಕ್ಯಾಮೆರಾ ಒಳಗಿಡಬೇಕಾಗಿಲ್ಲ. ಬಿಸಿಲು ಬಿಳಿ ಗೋಡೆಗೋ ಮಣ್ಣಿನ ರಸ್ತೆಗೋ ಬಡಿದು ಜಗಲಿಯೊಳಗೆ ಮೆತ್ತಗೆ ತಿರುಗುತ್ತದೆ. ಬಾಗಿಲಲ್ಲಿ ಕೂತ ಅಜ್ಜಿಯ ಮುಖಕ್ಕೆ ಅದಕ್ಕಿಂತ ಒಳ್ಳೆಯ ಬೆಳಕನ್ನು ಸ್ಟುಡಿಯೋದಲ್ಲೂ ಮಾಡುವುದು ಕಷ್ಟ. ವಿಜಯಪುರ, ಕಲಬುರಗಿ ಕಡೆಯ ಹಳೆಯ ವಾಡೆಗಳ ಅಂಗಳ ಇದಕ್ಕೆ ಹೇಳಿ ಮಾಡಿಸಿದ್ದು. ಸಂತೆಯಲ್ಲಾದರೆ ಟಾರ್ಪಾಲಿನ ಬಗ್ಗೆ ಎಚ್ಚರ ಬೇಕು. ನೀಲಿ ಹಾಳೆಯಡಿ ಕೂತ ತರಕಾರಿಯವಳ ಮುಖ ನೀಲಿಯಾಗಿಯೇ ಬರುತ್ತದೆ, ಟೊಮೆಟೊ ಕಂದುಬಣ್ಣಕ್ಕೆ ತಿರುಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಆಕಾಶವೆಲ್ಲ ಒಂದೇ ಬಿಳಿ ಪರದೆ, ನೆರಳಿನ ತಾಪತ್ರಯವೇ ಇಲ್ಲ. ಮಳೆಯಲ್ಲಿ ಫೋಟೋ ಬರುವುದಿಲ್ಲ ಎನ್ನುವವರು ಜೂನ್ ತಿಂಗಳಿನಲ್ಲಿ ಆಗುಂಬೆಯ ಪೇಟೆಬೀದಿಯಲ್ಲಿ ಒಂದು ದಿನ ನಿಲ್ಲಲಿ.

ಫೋನಿನ ಕ್ಯಾಮೆರಾ ಸಾಕೇ ಎಂದು ಕೇಳುವವರಿದ್ದಾರೆ. ಬೀದಿಗೆ ಧಾರಾಳವಾಗಿ ಸಾಕು, ಹಕ್ಕಿಗೆ ಸಾಲದು. ಹೆಚ್ಚಿನ ಫೋನುಗಳ ಮುಖ್ಯ ಲೆನ್ಸ್ ಹಳೆಯ 35 ಎಂಎಂ ರೋಲಿನ ಲೆಕ್ಕದಲ್ಲಿ 24ರಿಂದ 26 ಎಂಎಂ ಅಗಲಕೋನದ್ದು. ದೂರ ನಿಂತರೆ ಮನುಷ್ಯ ಇರುವೆಯಷ್ಟಾಗುತ್ತಾನೆ, ಬೆರಳಿನಿಂದ ಹಿಗ್ಗಿಸಿದರೆ ವಿವರ ಹರಿದುಹೋಗುತ್ತದೆ. ಅದಕ್ಕಿರುವ ಜೂಮ್ ನಿಮ್ಮ ಕಾಲು. ಇನ್ನೊಂದು ಸಂಗತಿ ತಿಳಿದಿರಬೇಕು. ನೀವು ಗುಂಡಿ ಒತ್ತುವ ಮೊದಲೇ ಫೋನ್ ಹಲವು ಚಿತ್ರಗಳನ್ನು ಹಿಡಿದಿಟ್ಟುಕೊಂಡು, ಅವನ್ನೆಲ್ಲ ಬೆರೆಸಿ ಒಂದು ಮಾಡಿ ಕೊಡುತ್ತದೆ. ಅದರ ಒಲವು ಎಲ್ಲವೂ ಬೆಳ್ಳಗೆ ಕಾಣಲಿ ಎಂಬ ಕಡೆಗೆ: ನೆರಳನ್ನು ಎತ್ತುತ್ತದೆ, ಆಕಾಶವನ್ನು ತಗ್ಗಿಸುತ್ತದೆ, ಚರ್ಮವನ್ನು ನುಣುಪು ಮಾಡುತ್ತದೆ. ಕೆಲವು ಫೋನುಗಳು ಚಂದ್ರನ ಮೇಲೆ ಇಲ್ಲದ ವಿವರವನ್ನೂ ತುಂಬಿ ಕೊಡುತ್ತವೆ. ಗುಡಿಯ ಒಳಾಂಗಣದ ಕತ್ತಲು ಕತ್ತಲಾಗಿಯೇ ಬೇಕೆಂದರೆ ಪರದೆಯ ಮೇಲೆ ದೀಪದ ಜಾಗವನ್ನು ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆಳೆಯಬೇಕು. ಇಷ್ಟು ಮಾಡಿಕೊಂಡರೆ ಅರ್ಧ ಕೆಲಸ ಆಯಿತು.

ಬೀದಿಯಲ್ಲಿ ಅಪರಿಚಿತರ ಚಿತ್ರ ತೆಗೆಯಬಹುದೇ ಎಂಬುದು ಮೇಲ್ನೋಟಕ್ಕೆ ಕಂಡಷ್ಟು ಸಲೀಸಾದ ಪ್ರಶ್ನೆಯಲ್ಲ. ಸಾರ್ವಜನಿಕ ಸ್ಥಳದಲ್ಲಿ ಚಿತ್ರ ತೆಗೆಯುವುದನ್ನು ಸಾರಾಸಗಟಾಗಿ ನಿಷೇಧಿಸುವ ಕಾನೂನು ನಮ್ಮಲ್ಲಿಲ್ಲ. ಹೆಣ್ಣಿನ ಖಾಸಗಿ ಕ್ಷಣಗಳನ್ನು ಕದ್ದು ಸೆರೆಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಇವೆರಡರ ನಡುವಿನ ವಿಶಾಲ ಬಯಲಿನಲ್ಲಿ ನಿಮ್ಮ ವಿವೇಕವೇ ಕಾನೂನು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತಲ್ಲ, ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪುಟ್ಟಸ್ವಾಮಿಯವರ ಅರ್ಜಿ ಇದ್ದದ್ದು ಆಧಾರ್ ವಿಚಾರವಾಗಿ, ಬೀದಿ ಫೋಟೋದ ಬಗ್ಗೆ ಅಲ್ಲ. ಆದರೂ ರಸ್ತೆಯಲ್ಲಿ ನಿಂತ ಮಾತ್ರಕ್ಕೆ ಒಬ್ಬನ ಮುಖ ಊರ ಸ್ವತ್ತಾಗುವುದಿಲ್ಲ ಎಂಬ ವಿವೇಕ ಇದ್ದರೆ ಒಳ್ಳೆಯದು. ನನ್ನ ಮಟ್ಟಿಗಂತೂ ಮಲಗಿದವರು, ಅಳುವವರು, ಕುಡಿದು ಬಿದ್ದವರು, ಭಿಕ್ಷೆ ಬೇಡುವವರು, ಬೇರೆಯವರ ಮಕ್ಕಳು, ಇವರನ್ನು ಕೇಳದೆ ತೆಗೆಯುವುದು ಕಳ್ಳತನಕ್ಕೆ ಹತ್ತಿರ. ಉಳಿದವರು ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ನಮ್ಮ ಬೀದಿಗಳಲ್ಲಿ ನಿಜವಾದ ತೊಂದರೆ ಬೇರೆಯೇ: ಕೇಳಿದ ತಕ್ಷಣ ತಲೆ ಬಾಚಿಕೊಂಡು, ಅಂಗಿ ಎಳೆದುಕೊಂಡು, ಪಾಸ್‌ಪೋರ್ಟ್ ಫೋಟೋಗೆ ನಿಂತ ಹಾಗೆ ನಿಲ್ಲುತ್ತಾರೆ. ಅದನ್ನೂ ತೆಗೆಯಬೇಕು, ಅವರಿಗಾಗಿ. ಆಮೇಲೆ ಅವರು ಮರಳಿ ವ್ಯಾಪಾರಕ್ಕೆ ಇಳಿದಾಗ ನಿಮ್ಮ ಚಿತ್ರ ತೆಗೆದುಕೊಳ್ಳಿ. ಮುಂದಿನ ವಾರ ಅದೇ ದಾರಿಯಲ್ಲಿ ಹೋಗುವಾಗ ಒಂದು ಪ್ರಿಂಟ್ ಕೊಟ್ಟರೆ ಇಡೀ ಬೀದಿ ನಿಮ್ಮದು.

ನಿಸರ್ಗದಲ್ಲಿ ಅನುಮತಿ ಕೇಳಲು ಬರುವುದಿಲ್ಲ. ಅದಕ್ಕೇ ಅಲ್ಲಿ ಕಟ್ಟುಪಾಡು ಇನ್ನೂ ಬಿಗಿಯಾಗಿರಬೇಕು. ಬಾಲ್ಕನಿಯ ಬಳ್ಳಿಗೆ ಸೂರಕ್ಕಿ ಜೇಡರಬಲೆ, ನಾರು, ತೊಗಟೆಯ ಚೂರು ಸೇರಿಸಿ ಜೋಲುವ ಗೂಡು ಕಟ್ಟುತ್ತದೆ. ಎಲ್ಲರಿಗೂ ಫೋನ್ ಹಿಡಿದು ಹತ್ತಿರ ಹೋಗುವ ಆಸೆ. ಅಡ್ಡ ಬಂದ ಒಂದೆರಡು ಎಲೆ ಕಿತ್ತರೆ ಚಿತ್ರ ಸ್ವಚ್ಛವಾಗುತ್ತದೆ. ಗೂಡು ಕಾಗೆಯ ಕಣ್ಣಿಗೂ ಅಷ್ಟೇ ಸ್ವಚ್ಛವಾಗಿ ಕಾಣುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬುದನ್ನು ವ್ಯಾಖ್ಯಾನಿಸುವಾಗ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನೂ ಅದರೊಳಗೆ ಸೇರಿಸಿದೆ ಎಂಬುದು ಎಷ್ಟೋ ಹವ್ಯಾಸಿಗಳಿಗೆ ಗೊತ್ತಿಲ್ಲ. ಕೋವಿ ಹಿಡಿದವನೂ ಎಲೆ ಕಿತ್ತವನೂ ಒಂದೇ ಪದದಡಿ ಬರುತ್ತಾರೆ. ರೆಕಾರ್ಡ್ ಮಾಡಿದ ಕೂಗನ್ನು ಸ್ಪೀಕರಿನಲ್ಲಿ ಹಾಕಿ ಹಕ್ಕಿಯನ್ನು ಹೊರಗೆಳೆಯುವ ಚಾಳಿಯೂ ಇದೆ. ತನ್ನ ಜಾಗಕ್ಕೆ ಎದುರಾಳಿ ಬಂದನೆಂದು ಹೆದರಿ ಅದು ಮೇವು, ಮರಿ ಎಲ್ಲ ಬಿಟ್ಟು ಓಡಿಬರುತ್ತದೆ. ಸಂತಾನದ ಕಾಲದಲ್ಲಿ ಇದನ್ನು ದಿನಕ್ಕೆ ಹತ್ತು ಜನ ಮಾಡಿದರೆ ಆ ಹಕ್ಕಿಯ ಗತಿ ಏನು?

ದೂರದ ಹುಲಿಗಿಂತ ಮನೆ ಮುಂದಿನ ಹೊಂಗೆ ಮರ ಹವ್ಯಾಸಿಗೆ ದೊಡ್ಡ ವಸ್ತು ಎಂದರೆ ಸಫಾರಿಗೆ ಹೋಗಿ ಬಂದವರು ನಗಬಹುದು. ನಾಗರಹೊಳೆಯ ಜೀಪಿನಲ್ಲಿ ಸಿಗುವ ಹುಲಿಯ ಚಿತ್ರ ಪಕ್ಕದ ಸೀಟಿನವನ ಬಳಿಯೂ ಇದೆ. ಹೊಂಗೆ ಎಲೆ ಉದುರಿಸಿ, ಮಾರ್ಚಿನಲ್ಲಿ ಎಣ್ಣೆ ಸವರಿದಂಥ ಎಳೆಹಸಿರು ತಳೆದು, ಬೇಸಿಗೆಯಲ್ಲಿ ಕೆಳಗೆಲ್ಲ ಹೂ ಚೆಲ್ಲುವುದನ್ನು ಒಂದೇ ಜಾಗದಲ್ಲಿ ನಿಂತು ವಾರವಾರ ತೆಗೆದವರು ಎಷ್ಟು ಜನರಿದ್ದಾರೆ? ಬೆಂಗಳೂರಿನಲ್ಲಿ ಗುಲಾಬಿ ಟಬೂಬಿಯಾ ಅರಳಿದ ಕೂಡಲೇ ಊರೆಲ್ಲ ಫೋಟೋ. ಈ ವರ್ಷ ಬೇಗ ಅರಳಿತು ಎಂಬ ಮಾತು ಪ್ರತಿ ವರ್ಷವೂ. ಹೋದ ವರ್ಷ ಇದೇ ಮರ ಯಾವ ತಾರೀಖು ಅರಳಿತ್ತು ಎಂದು ಕೇಳಿದರೆ ಯಾರಲ್ಲೂ ಉತ್ತರವಿಲ್ಲ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಜನ ಒಂದೊಂದು ಮರವನ್ನು ಆರಿಸಿಕೊಂಡು ಎಲೆ, ಹೂ, ಕಾಯಿಗಳ ಸ್ಥಿತಿಯನ್ನು ವಾರವಾರ ದಾಖಲಿಸುತ್ತಾರೆ. 2008ರಲ್ಲಿ ಅಮೆರಿಕದಲ್ಲಿ ಶುರುವಾದ ಜಾಲತಾಣ ಐನ್ಯಾಚುರಲಿಸ್ಟ್‌ಗೆ ನಮ್ಮ ಹಿತ್ತಲಿನ ಏರೋಪ್ಲೇನ್ ಚಿಟ್ಟೆಯ ಚಿತ್ರವನ್ನೂ ಕಳಿಸಬಹುದು. ಗುರುತಿಸಬಲ್ಲವರು ಹೆಸರು ಹೇಳುತ್ತಾರೆ. ಅಲ್ಲಿ ಒಂದು ಚಿತ್ರ ಸಂಶೋಧನೆಗೆ ಯೋಗ್ಯ ಎಂಬ ದರ್ಜೆ ಪಡೆಯಬೇಕಾದರೆ ಎಲ್ಲಿ, ಯಾವಾಗ ತೆಗೆದದ್ದು ಎಂಬುದು ಇರಲೇಬೇಕು. ಮಸುಕಾಗಿದ್ದರೂ ನಡೆಯುತ್ತದೆ, ತಾರೀಖಿಲ್ಲದಿದ್ದರೆ ನಡೆಯುವುದಿಲ್ಲ. ಅಪಾಯದಂಚಿನಲ್ಲಿರುವ ಜೀವಿಗಳಾದರೆ ನಿಖರ ಜಾಗವನ್ನು ಅದೇ ಮರೆಮಾಚುತ್ತದೆ. ಗೂಡು, ಅಪರೂಪದ ಸೀತಾಳೆ, ಕಾಡುಪಾಪಗಳ ಜಾಗವನ್ನು ನೀವೂ ಫೇಸ್‌ಬುಕ್ಕಿನಲ್ಲಿ ಸಾರಬೇಡಿ. ನಿಮ್ಮ ಕಡತದಲ್ಲಿ ಇರಲಿ, ಸಾಕು.

ಕಡತದ ಮಾತು ಬಂದಾಗ ವಿವಿಯನ್ ಮೇಯರ್ ನೆನಪಾಗುತ್ತಾಳೆ. ಅಮೆರಿಕದ ಶಿಕಾಗೊದಲ್ಲಿ ಪರರ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿ ಬದುಕು ಸವೆಸಿದವಳು. ರಜೆಯ ಹೊತ್ತಿನಲ್ಲಿ, ಮಕ್ಕಳನ್ನು ತಿರುಗಾಡಿಸಲು ಕರೆದೊಯ್ದಾಗ, ಕೊರಳಲ್ಲಿ ರೋಲಿಫ್ಲೆಕ್ಸ್ ಕ್ಯಾಮೆರಾ. ಬೀದಿಯ ಚಿತ್ರಗಳನ್ನು ಲಕ್ಷಕ್ಕೂ ಮೀರಿ ತೆಗೆದಳು, ಹೆಚ್ಚುಕಡಿಮೆ ಯಾರಿಗೂ ತೋರಿಸಲಿಲ್ಲ. ಬಾಡಿಗೆ ಕಟ್ಟದೆ ಉಳಿದ ಅವಳ ಗೋದಾಮಿನ ಸಾಮಾನು 2007ರಲ್ಲಿ ಹರಾಜಾದಾಗ ನೆಗೆಟಿವ್‌ಗಳ ಪೆಟ್ಟಿಗೆಗಳು ಸಿಕ್ಕವು. ತೊಳೆಸದ ರೋಲುಗಳೂ ರಾಶಿ ರಾಶಿ. 2009ರಲ್ಲಿ ಅವಳು ತೀರಿಕೊಂಡ ಮೇಲೆ ಜಗತ್ತು ಅವಳನ್ನು ದೊಡ್ಡ ಛಾಯಾಗ್ರಾಹಕಿ ಎಂದಿತು. ಅವಳು ಇಂದಿನವಳಾಗಿದ್ದು ಲಕ್ಷ ಚಿತ್ರಗಳೂ ಫೋನಿನಲ್ಲಿದ್ದಿದ್ದರೆ? ಪಾಸ್‌ವರ್ಡ್ ಗೊತ್ತಿಲ್ಲದ ಫೋನನ್ನು ಹರಾಜಿನಲ್ಲಿ ಕೊಂಡವನು ಮೊದಲು ಮಾಡುವ ಕೆಲಸ ಅದನ್ನು ಅಳಿಸಿ ಹೊಸದು ಮಾಡಿಕೊಳ್ಳುವುದು. ನೆಗೆಟಿವ್ ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿದ್ದರೂ ಉಳಿಯುತ್ತದೆ. ಡಿಜಿಟಲ್ ಚಿತ್ರ ಯಾರಾದರೂ ಕಾಳಜಿಯಿಂದ ನಕಲು ಮಾಡುತ್ತಿದ್ದರೆ ಮಾತ್ರ ಉಳಿಯುತ್ತದೆ.

ಫೋನ್ ತೆಗೆದ ಪ್ರತಿ ಚಿತ್ರದೊಳಗೆ ತಾರೀಖು, ಗಂಟೆ, ನೀವು ಅನುಮತಿ ಕೊಟ್ಟಿದ್ದರೆ ಅಕ್ಷಾಂಶ-ರೇಖಾಂಶ ಕೂಡ ಅಡಗಿ ಕೂತಿರುತ್ತವೆ. ಹಳೆಯ ಕಾಲದವರು ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದದ್ದೇ ಇದು. ಆದರೆ ಅದೇ ಚಿತ್ರವನ್ನು ಮಾಮೂಲಿನಂತೆ ವಾಟ್ಸಾಪಿನಲ್ಲಿ ಕಳಿಸಿದ ಕೂಡಲೇ ಈ ಮಾಹಿತಿ ಉದುರಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಉಳಿಯುತ್ತದೆ. ಇಂದು ಎಷ್ಟೋ ಸಂಸಾರಗಳ ಚಿತ್ರಭಂಡಾರವೆಂದರೆ ವಾಟ್ಸಾಪ್ ಗ್ರೂಪೇ ಆಗಿರುವುದರಿಂದ ಈ ಸಣ್ಣ ವಿಷಯವನ್ನು ಎತ್ತಿ ಹೇಳುತ್ತಿದ್ದೇನೆ. ವರ್ಷಕ್ಕೊಮ್ಮೆ ಆರಿಸಿದ ನೂರು ಚಿತ್ರಗಳಿಗೆ ಊರು, ಬೀದಿ, ತಿಂಗಳು ಬರೆದು ಎರಡು ಬೇರೆ ಬೇರೆ ಕಡೆ ಇಟ್ಟರೆ ಸಾಕು. ಉಳಿದ ಸಾವಿರಗಳ ಚಿಂತೆ ಬಿಡಿ.

ಇವನ್ನು ಎಲ್ಲಿ ಕೊಡುವುದು? ಕನ್ನಡ ವಿಕಿಪೀಡಿಯದಲ್ಲಿ ಒಂದೂ ಚಿತ್ರವಿಲ್ಲದ ಊರುಗಳ ಪುಟಗಳು ಬೇಕಾದಷ್ಟಿವೆ. ಅದರ ಚಿತ್ರಗಳು ಬರುವುದು ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಭಂಡಾರದಿಂದ. ಯಾರು ಬೇಕಾದರೂ ತಮ್ಮ ಚಿತ್ರವನ್ನು ಅಲ್ಲಿಗೆ ಸೇರಿಸಬಹುದು. ನೀವು ತೆಗೆದ ಚಿತ್ರದ ಹಕ್ಕು ಕಾನೂನಿನ ಪ್ರಕಾರ ನಿಮ್ಮ ಜೀವಮಾನವಿಡೀ ಮತ್ತು ಆನಂತರ 60 ವರ್ಷ ನಿಮ್ಮದು ಮತ್ತು ನಿಮ್ಮ ವಾರಸುದಾರರದು. ಕಾಮನ್ಸ್‌ಗೆ ಹಾಕುವಾಗ ನಿಮ್ಮ ಹೆಸರು ಉಳಿಸಿಕೊಂಡು, ಬಳಸಲು ಎಲ್ಲರಿಗೂ ಅನುಮತಿ ಕೊಡುತ್ತೀರಿ. ಕಟ್ಟಡ, ಸರ್ಕಲ್ಲಿನ ಪ್ರತಿಮೆ, ಬಸ್ ನಿಲ್ದಾಣ, ಸಂತೆಮಾಳ ಯಾವುದಕ್ಕೂ ಅಡ್ಡಿಯಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿರುವ ಶಿಲ್ಪ, ವಾಸ್ತುಗಳ ಫೋಟೋಗೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಸ್ಪಷ್ಟ ವಿನಾಯಿತಿ ಕೊಟ್ಟಿದೆ. ಗೋಡೆಯ ಮೇಲೆ ಬಿಡಿಸಿದ ಚಿತ್ರಕ್ಕೆ ಈ ವಿನಾಯಿತಿ ಇಲ್ಲ, ಅದು ಬಿಡಿಸಿದ ಕಲಾವಿದರ ಸ್ವತ್ತು. ಇಸ್ತ್ರಿ ಗಾಡಿಗೆ ಯಾರ ಹಕ್ಕುಸ್ವಾಮ್ಯವೂ ಇಲ್ಲ. ಗಾಡಿಯವನನ್ನು ಒಂದು ಮಾತು ಕೇಳಿ ತೆಗೆಯಿರಿ, ಅಷ್ಟೆ.